ಬಿಲ್ಡ್ ಅರ್ಧಕ್ಕೆ ನಿಂತಾಗ: ಯುನಿಕ್ಸ್ ಮಾದರಿ ವ್ಯವಸ್ಥೆಗಳಲ್ಲಿ ಕಂಪೈಲ್ ದೋಷ ಪತ್ತೆಹಚ್ಚುವ ಬಗೆ

ಪ್ರೋಗ್ರಾಂ ಒಂದರ ಸೋರ್ಸ್ ಕೋಡ್ ಇಳಿಸಿಕೊಂಡು, ಟಾರ್ ಫೈಲ್ ಬಿಚ್ಚಿ, ಯಂತ್ರದಲ್ಲಿ ಏನೇನಿದೆ ಎಂದು ನೋಡುವ ಕಾನ್ಫಿಗರ್ ಸ್ಕ್ರಿಪ್ಟ್ ಓಡಿಸಿ, ಕಂಪೈಲ್ ಕೆಲಸಗಳನ್ನು ಸಾಲಾಗಿ ಮಾಡಿಸುವ ಮೇಕ್ ಕಮಾಂಡ್ ಒತ್ತಿದ ಮೇಲೆ ಪರದೆ ತುಂಬ ಸಾಲುಗಳು ಉರುಳಿ ಕೊನೆಗೆ 'ಮೇಕ್: *** ಎರರ್ 2' ಎಂದು ನಿಂತುಬಿಡುತ್ತದೆ. ಹೆಚ್ಚಿನವರು ಆ ಕೊನೆಯ ಸಾಲನ್ನೇ ಹಿಡಿದು ಉತ್ತರ ಹುಡುಕಲು ಹೊರಡುತ್ತಾರೆ. ಅದರಲ್ಲಿ ಏನೂ ಸಿಗುವುದಿಲ್ಲ. ತಾನು ಕರೆದ ಇನ್ನೊಂದು ಕಮಾಂಡ್ ಸೋತಿತು ಎಂದಷ್ಟೇ ಮೇಕ್ ಅಲ್ಲಿ ಹೇಳುತ್ತಿದೆ. ಸೋತದ್ದು ಯಾವುದು, ಏಕೆ ಸೋತಿತು ಎಂಬುದು ಮೇಲೆಲ್ಲೋ ಇರುತ್ತದೆ, ಕೆಲವೊಮ್ಮೆ ನೂರಾರು ಸಾಲುಗಳಷ್ಟು ಮೇಲೆ. ಮೊಟ್ಟಮೊದಲ ಎರರ್ ಯಾವುದು, ಅದನ್ನು ಹೇಳಿದ ಪ್ರೋಗ್ರಾಂ ಯಾವುದು? ಈ ಎರಡಕ್ಕೆ ಉತ್ತರ ಸಿಕ್ಕಿತೆಂದರೆ ಎಲ್ಲಿ ಹುಡುಕಬೇಕೆಂಬುದು ತಾನಾಗಿ ಗೊತ್ತಾಗುತ್ತದೆ.

## ಲಕ್ಷಣ ಏನೇ ಇರಲಿ, ಮೊದಲು ಮಾಡಬೇಕಾದದ್ದು

ಮೇಕ್ ಕಮಾಂಡನ್ನು -ಜೆ1 ಆಯ್ಕೆಯೊಂದಿಗೆ ಮತ್ತೊಮ್ಮೆ ಓಡಿಸಿ. ಏಕಕಾಲಕ್ಕೆ ಎಂಟು ಫೈಲ್ ಕಂಪೈಲ್ ಆಗುತ್ತಿದ್ದರೆ ಒಂದು ಸೋತ ಮೇಲೂ ಉಳಿದ ಏಳು ತಮ್ಮ ಪಾಡಿಗೆ ಸಾಲುಗಳನ್ನು ಸುರಿಯುತ್ತಲೇ ಇರುತ್ತವೆ. ನಿಜವಾದ ಎರರ್ ನಡುವೆ ಎಲ್ಲೋ ಹೂತುಹೋಗುತ್ತದೆ. ಒಂದೊಂದಾಗಿ ಮಾಡಿಸಿದರೆ ಸೋತ ಜಾಗದಲ್ಲೇ ನಿಲ್ಲುತ್ತದೆ. ಔಟ್‌ಪುಟ್ ಮತ್ತು ಎರರ್ ಎರಡನ್ನೂ ಒಂದೇ ಫೈಲಿಗೆ ಹಾಕಿಕೊಳ್ಳಿ. ಟರ್ಮಿನಲ್‌ನಲ್ಲಿ ಮೇಲೆ ಕೆಳಗೆ ಉರುಳಿಸುತ್ತಾ ಹುಡುಕುವುದಕ್ಕಿಂತ ಎಡಿಟರ್‌ನಲ್ಲಿ ತೆರೆದು 'ಎರರ್:' ಎಂದು ಮೇಲಿನಿಂದ ಹುಡುಕುವುದು ಎಷ್ಟೋ ವಾಸಿ.

ಯಂತ್ರದ ಭಾಷೆ ಇಂಗ್ಲಿಷ್ ಬಿಟ್ಟು ಬೇರೆಯಾಗಿದ್ದರೆ ಎಲ್‌ಸಿ_ಆಲ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 'ಸಿ' ಎಂಬ ಬೆಲೆ ಕೊಟ್ಟು ಓಡಿಸಿ. ಜಿಸಿಸಿ ಎಂಬ ಕಂಪೈಲರ್ ತನ್ನ ಸಂದೇಶಗಳನ್ನು ಅನುವಾದಿಸಿ ತೋರಿಸುತ್ತದೆ, ಅನುವಾದವಾದ ಸಂದೇಶಕ್ಕೆ ಉತ್ತರ ಹುಡುಕುವುದು ಕಷ್ಟ. ಡಿಸ್ಕ್‌ನಲ್ಲಿ ಜಾಗವಿದೆಯೇ ಎಂದೂ ಇಲ್ಲೇ ನೋಡಿಬಿಡಿ. ಡಿಎಫ್ ಕಮಾಂಡ್ ಜಾಗ ತೋರಿಸುತ್ತದೆ, ಅದಕ್ಕೇ -ಐ ಸೇರಿಸಿದರೆ ಐನೋಡ್ (ಫೈಲಿಗೊಂದರಂತೆ ಇರುವ ದಾಖಲೆ) ಲೆಕ್ಕ ತೋರಿಸುತ್ತದೆ. ಜಾಗವಿದ್ದೂ ಐನೋಡ್ ಮುಗಿದಿದ್ದರೆ ಅದೇ 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್' ಬರುತ್ತದೆ. /ಟಿಎಂಪಿ ಮೆಮೊರಿಯಲ್ಲೇ ಇರುವ ಯಂತ್ರಗಳಲ್ಲಿ ಅದು ಬೇಗ ತುಂಬುತ್ತದೆ. ಟಿಎಂಪಿಡಿಐಆರ್ ವೇರಿಯಬಲ್‌ನಲ್ಲಿ ಬೇರೆ ಜಾಗ ಸೂಚಿಸಿದರೆ ಕಂಪೈಲರ್ ತಾತ್ಕಾಲಿಕ ಫೈಲ್‌ಗಳನ್ನು ಅಲ್ಲಿ ಇಡುತ್ತದೆ.

ಈಗ ಮಾತಾಡುತ್ತಿರುವುದು ಯಾರು ಎಂಬುದಕ್ಕೆ ಬನ್ನಿ. ಜಿಸಿಸಿ ಎಂದು ನಾವು ಕರೆಯುವುದು ಒಬ್ಬ ಮೇಲ್ವಿಚಾರಕನನ್ನು ಮಾತ್ರ. ಅವನ ಕೈಕೆಳಗೆ ಪ್ರಿಪ್ರೊಸೆಸರ್ ಹೆಡರ್‌ಗಳನ್ನು (ಫಂಕ್ಷನ್‌ಗಳ ಘೋಷಣೆ ಇರುವ ಫೈಲ್‌ಗಳನ್ನು) ಸೇರಿಸುತ್ತದೆ, ಸಿಸಿ1 ಅಥವಾ ಸಿಸಿ1ಪ್ಲಸ್ ಎಂಬ ನಿಜವಾದ ಕಂಪೈಲರ್ ಅಸೆಂಬ್ಲಿ ಬರೆಯುತ್ತದೆ, ಅಸೆಂಬ್ಲರ್ ಅದನ್ನು ಆಬ್ಜೆಕ್ಟ್ ಫೈಲ್ ಮಾಡುತ್ತದೆ, ಎಲ್‌ಡಿ ಎಂಬ ಲಿಂಕರ್ ಎಲ್ಲವನ್ನೂ ಜೋಡಿಸುತ್ತದೆ. ಫೈಲ್ ಹೆಸರು, ಸಾಲು, ಕಾಲಂ ಸಂಖ್ಯೆಯೊಂದಿಗೆ ಶುರುವಾದ ಎರರ್ ಸಾಮಾನ್ಯವಾಗಿ ಮೊದಲ ಎರಡು ಹಂತದ್ದು. ಸಾಲಿನಲ್ಲಿ ಎಲ್‌ಡಿ ಎಂದೋ 'ಅನ್‌ಡಿಫೈನ್ಡ್ ರೆಫರೆನ್ಸ್' ಎಂದೋ ಇದ್ದರೆ ಲಿಂಕರ್‌ನದ್ದು. 'ಕಲೆಕ್ಟ್2: ಎಲ್‌ಡಿ ರಿಟರ್ನ್ಡ್ 1' ಎಂಬುದು ಬರೀ ಸುದ್ದಿ ಮುಟ್ಟಿಸುವ ಸಾಲು, ಕಾರಣ ಅದರ ಮೇಲಿನ ಸಾಲುಗಳಲ್ಲಿದೆ.

ಮೇಕ್ ಓಡಿಸಿದ ಪೂರ್ತಿ ಕಮಾಂಡ್ ಕಾಣುತ್ತಿಲ್ಲವೇ? ಕಾನ್ಫಿಗರ್ ಸ್ಕ್ರಿಪ್ಟ್ ಬಳಸುವ ಆಟೋಟೂಲ್ಸ್ ಪ್ರಾಜೆಕ್ಟ್ ಆದರೆ ವಿ=1, ಸಿಮೇಕ್ ಎಂಬ ಬಿಲ್ಡ್ ಸಾಧನ ಹುಟ್ಟಿಸಿದ ಮೇಕ್‌ಫೈಲ್ ಆದರೆ ವರ್ಬೋಸ್=1, ಮೇಕ್ ಬದಲು ನಿಂಜಾ ಬಳಸಿದ್ದರೆ -ವಿ ಕೊಡಿ. ಹಾಗೆ ಸಿಕ್ಕ ಕಮಾಂಡನ್ನು ನಕಲಿಸಿ, ಅದೇ ಡೈರೆಕ್ಟರಿಯಲ್ಲಿ ನೀವೇ ಓಡಿಸಿ ನೋಡಬಹುದು. ಬಿಲ್ಡ್ ವ್ಯವಸ್ಥೆಯನ್ನು ಪಕ್ಕಕ್ಕಿಟ್ಟು ಒಂದೇ ಕಮಾಂಡ್ ಮಟ್ಟಕ್ಕೆ ಇಳಿಸಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಒಂದು ಎಚ್ಚರಿಕೆಯನ್ನು ಶುರುವಿನಲ್ಲೇ ಹೇಳಿಬಿಡುತ್ತೇನೆ. ಎಲ್ಲ ಅಧಿಕಾರವುಳ್ಳ ರೂಟ್ ಬಳಕೆದಾರರಾಗಿ ಬಿಲ್ಡ್ ಮಾಡಬೇಡಿ. ಮೇಕ್‌ಫೈಲ್ ಎಂದರೆ ಯಾರೋ ಬರೆದ ಶೆಲ್ ಕಮಾಂಡ್‌ಗಳ ಕಂತೆ, ಅದು ಯಾವ ಫೈಲನ್ನಾದರೂ ಅಳಿಸಬಲ್ಲದು. ಕಾನ್ಫಿಗರ್‌ಗೆ ಪ್ರಿಫಿಕ್ಸ್ (ಇನ್‌ಸ್ಟಾಲ್ ಆಗಬೇಕಾದ ಜಾಗ) ಆಗಿ ನಿಮ್ಮ ಹೋಮ್ ಡೈರೆಕ್ಟರಿಯೊಳಗಿನ ಜಾಗವನ್ನೇ ಕೊಟ್ಟರೆ ಇನ್‌ಸ್ಟಾಲ್ ಹಂತಕ್ಕೂ ರೂಟ್ ಅಧಿಕಾರ ಕೊಡುವ ಸುಡೊ ಬೇಕಾಗುವುದಿಲ್ಲ. ಒಮ್ಮೆ ಸುಡೊ ಹಾಕಿ ಮೇಕ್ ಓಡಿಸಿದ್ದರೆ ಬಿಲ್ಡ್ ಡೈರೆಕ್ಟರಿಯಲ್ಲಿ ರೂಟ್ ಒಡೆತನದ ಫೈಲ್‌ಗಳು ಉಳಿದು, ಮುಂದಿನ ಸಲ 'ಪರ್ಮಿಶನ್ ಡಿನೈಡ್' ಬರುತ್ತದೆ. ಅದಕ್ಕೆ ಮತ್ತೆ ಸುಡೊ ಹಾಕುವುದು ಮದ್ದಲ್ಲ. ಒಡೆತನ ಸರಿಮಾಡಿ, ಇಲ್ಲವೇ ಆ ಡೈರೆಕ್ಟರಿ ಅಳಿಸಿ ಹೊಸದಾಗಿ ಬಿಚ್ಚಿಕೊಳ್ಳಿ.

## 'ಕಮಾಂಡ್ ನಾಟ್ ಫೌಂಡ್', 'ಬ್ಯಾಡ್ ಇಂಟರ್‌ಪ್ರಿಟರ್'

ಇದು ಎಲ್ಲಕ್ಕಿಂತ ಸುಲಭದ್ದು. ಕಂಪೈಲರ್ರೇ ಇಲ್ಲ, ಅಥವಾ ಶೆಲ್ ಕಮಾಂಡ್‌ಗಳನ್ನು ಹುಡುಕುವ ಪಾತ್‌ನಲ್ಲಿ ಇಲ್ಲ. ಡೆಬಿಯನ್ ಮತ್ತು ಉಬುಂಟುವಿನಲ್ಲಿ ಬಿಲ್ಡ್-ಎಸೆನ್ಷಿಯಲ್, ಆರ್ಚ್‌ನಲ್ಲಿ ಬೇಸ್-ಡೆವೆಲ್, ಆಲ್ಪೈನ್‌ನಲ್ಲಿ ಬಿಲ್ಡ್-ಬೇಸ್ ಪ್ಯಾಕೇಜ್ ಹಾಕಿದರೆ ಮೂಲ ಸಾಮಗ್ರಿ ಬಂದುಬಿಡುತ್ತದೆ. ಮ್ಯಾಕ್‌ಒಎಸ್‌ನಲ್ಲಿ ವ್ಯವಸ್ಥೆ ಅಪ್‌ಡೇಟ್ ಆದ ಮರುದಿನ ಬಿಲ್ಡ್ ಕೆಟ್ಟು 'ಇನ್‌ವ್ಯಾಲಿಡ್ ಆ್ಯಕ್ಟಿವ್ ಡೆವಲಪರ್ ಪಾತ್' ಎಂದರೆ ಕಮಾಂಡ್ ಲೈನ್ ಟೂಲ್ಸ್ ಮತ್ತೆ ಹಾಕಬೇಕು. ಎಕ್ಸ್‌ಕೋಡ್-ಸೆಲೆಕ್ಟ್ ಕಮಾಂಡಿಗೆ ಇನ್‌ಸ್ಟಾಲ್ ಆಯ್ಕೆ ಕೊಟ್ಟರೆ ಸಾಕು.

ಕಾನ್ಫಿಗರ್ ಸ್ಕ್ರಿಪ್ಟ್ ಕಣ್ಣೆದುರೇ ಇದ್ದರೂ 'ಬ್ಯಾಡ್ ಇಂಟರ್‌ಪ್ರಿಟರ್' ಬಂದು, ಹೆಸರಿನ ಕೊನೆಗೆ ^ಎಂ ಎಂಬ ಗುರುತು ಕಂಡರೆ ಫೈಲ್ ವಿಂಡೋಸ್ ಸಾಲುಕೊನೆಗಳೊಂದಿಗೆ ಬಂದಿದೆ ಎಂದರ್ಥ. ಡಾಸ್2ಯುನಿಕ್ಸ್‌ನಿಂದ ಒಂದೊಂದೇ ಫೈಲ್ ತಿದ್ದುವುದಕ್ಕಿಂತ ಕೋಡ್ ಆವೃತ್ತಿಗಳನ್ನು ಇಡುವ ಗಿಟ್‌ನಲ್ಲಿ ಸಾಲುಕೊನೆ ಬದಲಿಸುವ ಆಟೋಸಿಆರ್‌ಎಲ್‌ಎಫ್ ಸೆಟ್ಟಿಂಗ್ ಸರಿಮಾಡಿ ಹೊಸದಾಗಿ ಕ್ಲೋನ್ ಮಾಡುವುದು ಒಳ್ಳೆಯದು. ಎಕ್ಸಿಕ್ಯೂಟ್ ಅನುಮತಿ ಇದ್ದೂ ಸ್ಕ್ರಿಪ್ಟ್ ಓಡದಿದ್ದರೆ ಆ ಡಿಸ್ಕ್ ನೋಎಕ್ಸೆಕ್ (ಪ್ರೋಗ್ರಾಂ ಓಡಿಸುವಂತಿಲ್ಲ) ಆಗಿ ಮೌಂಟ್ ಆಗಿದೆಯೇ ನೋಡಿ.

## ಕಾನ್ಫಿಗರ್ ಹಂತದಲ್ಲೇ ಸೋಲು

ಪರದೆಯಲ್ಲಿ ಕಾಣುವುದು ಒಂದೇ ಸಾಲು: 'ಸಿ ಕಂಪೈಲರ್ ಕ್ಯಾನಾಟ್ ಕ್ರಿಯೇಟ್ ಎಕ್ಸಿಕ್ಯೂಟಬಲ್ಸ್', ಇಲ್ಲವೇ ಯಾವುದೋ ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸಲೆಂದು ಮೊದಲೇ ಬರೆದಿಟ್ಟ ಕೋಡ್) 'ನಾಟ್ ಫೌಂಡ್'. ಕಂಪೈಲರ್ ಸರಿಯಾಗಿಯೇ ಇದ್ದಾಗಲೂ ಈ ಮಾತು ಬರುತ್ತದೆ, ಏಕೆಂದರೆ ಕಾನ್ಫಿಗರ್ ಒಂದು ಪುಟ್ಟ ಪರೀಕ್ಷಾ ಪ್ರೋಗ್ರಾಂ ಬರೆದು ಕಂಪೈಲ್ ಮಾಡಿಸಿ ನೋಡುತ್ತದೆ. ಅದು ಯಾವ ಕಾರಣಕ್ಕೆ ಸೋತರೂ ತೀರ್ಪು ಒಂದೇ. ನಿಜವಾದ ಕಾರಣ ಕಾನ್ಫಿಗ್.ಲಾಗ್ ಎಂಬ ಫೈಲಿನಲ್ಲಿ ಇರುತ್ತದೆ. ಅದನ್ನು ಕೊನೆಯಿಂದ ಓದಲು ಹೋದರೆ ವೇರಿಯಬಲ್‌ಗಳ ಉದ್ದ ಪಟ್ಟಿಯೇ ಸಿಗುತ್ತದೆ. 'ಕ್ಯಾಶ್ ವೇರಿಯಬಲ್ಸ್' ಎಂಬ ತಲೆಬರಹ ಹುಡುಕಿ, ಅದರ ಮೇಲಿನ ಭಾಗ ಓದಿ. ಸೋತ ಪರೀಕ್ಷಾ ಪ್ರೋಗ್ರಾಂ, ಓಡಿಸಿದ ಕಮಾಂಡ್, ಕಂಪೈಲರ್ ಕೊಟ್ಟ ಎರರ್ ಎಲ್ಲವೂ ಅಲ್ಲಿ ಅಕ್ಷರಶಃ ಇರುತ್ತವೆ.

ಬಹಳ ಸಲ ತಪ್ಪು ಇರುವುದು ಕಂಪೈಲರ್‌ಗೂ ಲಿಂಕರ್‌ಗೂ ಆಯ್ಕೆಗಳನ್ನು ಕೊಡುವ, ನಿಮ್ಮ ಶೆಲ್‌ನ ಸಿಫ್ಲ್ಯಾಗ್ಸ್ ಅಥವಾ ಎಲ್‌ಡಿಫ್ಲ್ಯಾಗ್ಸ್ ವೇರಿಯಬಲ್‌ನಲ್ಲಿ. ಹಿಂದೊಮ್ಮೆ ಬೇರೆ ಕೆಲಸಕ್ಕೆಂದು ಬರೆದಿಟ್ಟದ್ದು ಪ್ರೊಫೈಲ್ ಫೈಲ್‌ನಲ್ಲಿ ಉಳಿದಿರುತ್ತದೆ. ಅವನ್ನು ಅನ್‌ಸೆಟ್ ಮಾಡಿ ನೋಡಲು ಖರ್ಚೇನೂ ಇಲ್ಲ.

ಬೇಕಾದ ಪ್ಯಾಕೇಜ್ ಹಾಕಿದ ಮೇಲೂ ಅದೇ ಎರರ್ ಬರುತ್ತಿದ್ದರೆ ಹಳೆಯ ತೀರ್ಪು ನೆನಪಿನಲ್ಲಿ ಉಳಿದಿರಬಹುದು. ಸಿಮೇಕ್ ಆದರೆ ಸಿಮೇಕ್‌ಕ್ಯಾಶ್ ಎಂಬ ಫೈಲ್ ಹಿಂದಿನ ಹುಡುಕಾಟದ ಫಲಿತಾಂಶಗಳನ್ನು ಇಟ್ಟುಕೊಂಡಿರುತ್ತದೆ. ಬಿಲ್ಡ್ ಡೈರೆಕ್ಟರಿಯನ್ನು ಪೂರ್ತಿ ಅಳಿಸಿ ಮೊದಲಿನಿಂದ ಶುರುಮಾಡಿ. ಸೋರ್ಸ್ ಡೈರೆಕ್ಟರಿಯ ಹೊರಗೆ ಬಿಲ್ಡ್ ಮಾಡುವ ಅಭ್ಯಾಸವಿದ್ದರೆ ಈ ಅಳಿಸುವಿಕೆ ನಿರ್ಭಯವಾದದ್ದು. ಗಿಟ್ ಕ್ಲೀನ್ ಬಳಸುವುದಾದರೆ ಮೊದಲು -ಎನ್ ಕೊಟ್ಟು ಏನೇನು ಹೋಗಲಿದೆ ಎಂದು ನೋಡಿ. ನೀವು ಇನ್ನೂ ಕಮಿಟ್ ಮಾಡದ ಹೊಸ ಫೈಲ್‌ಗಳನ್ನೂ ಅದು ಅಳಿಸುತ್ತದೆ, ಮತ್ತೆ ತರಲು ದಾರಿಯಿಲ್ಲ.

ಹಳೆಯ ಪ್ರಾಜೆಕ್ಟ್ ಒಂದು ಸಿಮೇಕ್ 4 ಅಡಿಯಲ್ಲಿ '3.5ಕ್ಕಿಂತ ಹಿಂದಿನ ಆವೃತ್ತಿಗಳ ಹೊಂದಾಣಿಕೆ ತೆಗೆದುಹಾಕಲಾಗಿದೆ' ಎಂಬರ್ಥದ ಎರರ್ ಕೊಟ್ಟರೆ ನಿಮ್ಮ ಯಂತ್ರದ ದೋಷವಲ್ಲ. 2025ರಲ್ಲಿ ಬಂದ 4.0 ಆವೃತ್ತಿಯಿಂದ ಹೀಗಾಗಿದೆ. ಸಿಮೇಕ್_ಪಾಲಿಸಿ_ವರ್ಶನ್_ಮಿನಿಮಮ್ ಎಂಬ ವೇರಿಯಬಲ್‌ಗೆ 3.5 ಕೊಟ್ಟರೆ ಹೆಚ್ಚಿನವು ದಾಟುತ್ತವೆ.

ಗಿಟ್‌ನಿಂದ ಕ್ಲೋನ್ ಮಾಡಿದ ಕೂಡಲೇ 'ಎಕ್ಲೋಕಲ್-1.15 ಈಸ್ ಮಿಸ್ಸಿಂಗ್' ಬರುವುದೂ ಉಂಟು. ಎಕ್ಲೋಕಲ್ ಎಂಬುದು ಕಾನ್ಫಿಗರ್ ಸ್ಕ್ರಿಪ್ಟ್ ಹುಟ್ಟಿಸುವ ಸಾಧನಗಳಲ್ಲೊಂದು. ಗಿಟ್ ಫೈಲ್‌ಗಳ ಹಳೆಯ ಸಮಯವನ್ನು ಉಳಿಸುವುದಿಲ್ಲ. ಹಾಗಾಗಿ ಮೇಕ್ ಕಣ್ಣಿಗೆ ಕಾನ್ಫಿಗರ್ ಸ್ಕ್ರಿಪ್ಟ್ ಅದರ ಮೂಲಕ್ಕಿಂತ ಹಳತೆಂದು ಕಂಡು, ಅದನ್ನು ಮತ್ತೆ ಹುಟ್ಟಿಸಲು ಹೊರಡುತ್ತದೆ. ಆಟೋರೀಕಾನ್ಫ್‌ಗೆ -ಎಫ್‌ಐ ಕೊಟ್ಟು ಓಡಿಸಿದರೆ ನಿಮ್ಮಲ್ಲಿರುವ ಆವೃತ್ತಿಯಿಂದಲೇ ಎಲ್ಲ ಹೊಸದಾಗಿ ತಯಾರಾಗುತ್ತದೆ.

## ಹೆಡರ್ ಸಿಗುತ್ತಿಲ್ಲ

'ಫೇಟಲ್ ಎರರ್: ಜೆಡ್‌ಲಿಬ್.ಎಚ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ.' ಜೆಡ್‌ಲಿಬ್ ಎಂಬ ಸಂಕುಚನ ಲೈಬ್ರರಿ ಯಂತ್ರದಲ್ಲಿ ಇದೆ, ಅದನ್ನು ಬಳಸುವ ಪ್ರೋಗ್ರಾಂಗಳೂ ಓಡುತ್ತಿವೆ, ಆದರೂ ಇಲ್ಲವೆನ್ನುತ್ತದೆ. ಹೆಚ್ಚಿನ ಲಿನಕ್ಸ್ ವಿತರಣೆಗಳು ಲೈಬ್ರರಿಯನ್ನು ಎರಡಾಗಿ ಒಡೆದು ಕೊಡುತ್ತವೆ. ಓಡಿಸಲು ಬೇಕಾದದ್ದು ಒಂದು ಪ್ಯಾಕೇಜ್, ಕಂಪೈಲ್ ಮಾಡಲು ಬೇಕಾದ ಹೆಡರ್‌ಗಳು ಇನ್ನೊಂದು. ಡೆಬಿಯನ್ ಕಡೆ ಅದರ ಹೆಸರು -ಡೆವ್ ಎಂದು, ಫೆಡೋರಾ ಕಡೆ -ಡೆವೆಲ್ ಎಂದು ಮುಗಿಯುತ್ತದೆ. ಹೆಸರನ್ನು ಊಹಿಸಬೇಡಿ. ಡೆಬಿಯನ್‌ನಲ್ಲಿ ಜೆಡ್‌ಲಿಬ್‌ನದ್ದು ಜೆಡ್‌ಲಿಬ್1ಜಿ-ಡೆವ್, ಊಹೆಗೆ ನಿಲುಕುವಂಥದ್ದಲ್ಲ. ಆಪ್ಟ್-ಫೈಲ್ ಸರ್ಚ್ ಅಥವಾ ಡಿಎನ್‌ಎಫ್ ಪ್ರೊವೈಡ್ಸ್ ಕಮಾಂಡಿಗೆ ಹೆಡರ್ ಹೆಸರು ಕೊಟ್ಟರೆ ಅದಿರುವ ಪ್ಯಾಕೇಜ್ ಹೇಳುತ್ತದೆ.

ಹೆಡರ್ ಡಿಸ್ಕ್‌ನಲ್ಲಿ ಇದ್ದೂ ಸಿಗದಿದ್ದರೆ ಅದು ಕಂಪೈಲರ್ ನೋಡುವ ಜಾಗದಲ್ಲಿ ಇಲ್ಲ. ಲೈಬ್ರರಿಗಳು ಎಲ್ಲಿವೆ ಎಂದು ಹೇಳುವ ಪಿಕೆಜಿ-ಕಾನ್ಫಿಗ್‌ಗೆ ಆ ಲೈಬ್ರರಿ ಗೊತ್ತೇ ಎಂದು ಕೇಳಿ. ಗೊತ್ತಿಲ್ಲವೆಂದರೆ ಅದರ .ಪಿಸಿ ಫೈಲ್ ಇರುವ ಡೈರೆಕ್ಟರಿಯನ್ನು ಪಿಕೆಜಿ_ಕಾನ್ಫಿಗ್_ಪಾತ್ ವೇರಿಯಬಲ್‌ಗೆ ಸೇರಿಸಿ. ಹೆಡರನ್ನು ಎಲ್ಲಿಂದಲೋ ಇಳಿಸಿ ಸಿಸ್ಟಮ್ ಇನ್‌ಕ್ಲೂಡ್ ಡೈರೆಕ್ಟರಿಗೆ ಕೈಯಾರೆ ಹಾಕುವುದನ್ನು ದಯವಿಟ್ಟು ಮಾಡಬೇಡಿ. ಹೆಡರ್ ಒಂದು ಆವೃತ್ತಿಯದ್ದು, ಲೈಬ್ರರಿ ಇನ್ನೊಂದರದ್ದು ಆದರೆ ಕಂಪೈಲ್ ಸಲೀಸಾಗಿ ಆಗಿ, ಓಡುವಾಗ ಮೆಮೊರಿ ಕೆಡುತ್ತದೆ. ಅದನ್ನು ಪತ್ತೆಹಚ್ಚುವುದು ಇಲ್ಲಿರುವ ಎಲ್ಲಕ್ಕಿಂತ ಕಷ್ಟ.

## ಕಳೆದ ವರ್ಷ ಆಗುತ್ತಿತ್ತು, ಈಗ ಆಗುತ್ತಿಲ್ಲ

ಕೋಡ್ ಬದಲಾಗಿಲ್ಲ, ಕಂಪೈಲರ್ ಬದಲಾಗಿದೆ. ಜಿಸಿಸಿ ಆವೃತ್ತಿ ನೋಡಿಕೊಳ್ಳಿ. ಮ್ಯಾಕ್‌ಒಎಸ್‌ನಲ್ಲಿ ಜಿಸಿಸಿ ಎಂಬ ಹೆಸರಿನಲ್ಲಿ ಇರುವುದು ವಾಸ್ತವದಲ್ಲಿ ಕ್ಲ್ಯಾಂಗ್ ಎಂಬ ಬೇರೆ ಕಂಪೈಲರ್, ಆದ್ದರಿಂದ ಹೆಸರು ನೋಡಿ ನಂಬದೆ ಆವೃತ್ತಿಯ ಸಾಲನ್ನೇ ಓದಿ.

'ಇಂಪ್ಲಿಸಿಟ್ ಡಿಕ್ಲರೇಶನ್ ಆಫ್ ಫಂಕ್ಷನ್' ಎಂಬುದು ಎಷ್ಟೋ ವರ್ಷ ಬರೀ ವಾರ್ನಿಂಗ್ ಆಗಿತ್ತು. 2023ರ ಕ್ಲ್ಯಾಂಗ್ 16 ಮತ್ತು 2024ರ ಜಿಸಿಸಿ 14ರಿಂದ ಅದು ಎರರ್. ಸಿ99 ಮಾನಕ ಇದನ್ನು 1999ರಲ್ಲೇ ಭಾಷೆಯಿಂದ ತೆಗೆದಿತ್ತು, ಕಂಪೈಲರ್‌ಗಳು ಹಳೆಯ ಕೋಡ್‌ಗಾಗಿ ಬಿಟ್ಟುಕೊಟ್ಟಿದ್ದವು. ಈ ಬಿಗಿ ಬೇಕಾಗಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ, ಕಾರಣ ಇಲ್ಲಿದೆ. ಘೋಷಣೆ ಇಲ್ಲದ ಫಂಕ್ಷನ್ ಕರೆದರೆ ಅದು ಇಂಟ್ (ಪೂರ್ಣಾಂಕ) ಕೊಡುತ್ತದೆಂದು ಕಂಪೈಲರ್ ಊಹಿಸುತ್ತಿತ್ತು. ಇಂದಿನ 64 ಬಿಟ್ ಯಂತ್ರಗಳಲ್ಲಿ ಇಂಟ್ 32 ಬಿಟ್, ವಿಳಾಸ 64 ಬಿಟ್. ಫಂಕ್ಷನ್ ನಿಜಕ್ಕೂ ಪಾಯಿಂಟರ್ (ಮೆಮೊರಿ ವಿಳಾಸ) ಕೊಡುತ್ತಿದ್ದರೆ ವಿಳಾಸದ ಮೇಲಿನ ಅರ್ಧ ಕತ್ತರಿಸಿಹೋಗುತ್ತದೆ. ವಿಳಾಸ ಸಣ್ಣದಿದ್ದ ದಿನ ಪ್ರೋಗ್ರಾಂ ಓಡುತ್ತದೆ, ದೊಡ್ಡದಾದ ದಿನ ಎಲ್ಲೋ ಸಂಬಂಧವಿಲ್ಲದ ಜಾಗದಲ್ಲಿ ಕುಸಿಯುತ್ತದೆ.

ಸರಿಯಾದ ಪರಿಹಾರ ಬೇಕಾದ ಹೆಡರ್ ಸೇರಿಸುವುದು. ಮ್ಯಾನ್ ಪುಟದ ಮೇಲ್ಭಾಗದಲ್ಲೇ ಆ ಹೆಡರ್ ಹೆಸರಿದೆ. ಬೇರೆಯವರ ದೊಡ್ಡ ಕೋಡ್ ಆಗಿ, ತುರ್ತಾಗಿ ಬಿಲ್ಡ್ ಬೇಕಿದ್ದರೆ ಜಿಸಿಸಿ 14ರಲ್ಲಿ -ಎಫ್‌ಪರ್ಮಿಸಿವ್ ಕೊಟ್ಟು ಈ ಎರರ್‌ಗಳನ್ನು ಮತ್ತೆ ವಾರ್ನಿಂಗ್ ಮಾಡಬಹುದು. ಆದರೆ ಆ ವಾರ್ನಿಂಗ್‌ಗಳನ್ನು ಒಂದೊಂದಾಗಿ ಓದಿ, ಪಾಯಿಂಟರ್ ಕೊಡುವ ಫಂಕ್ಷನ್ ಇದ್ದರೆ ಅದನ್ನು ತಿದ್ದಿಯೇ ಮುಂದುವರಿಯಿರಿ.

2025ರ ಜಿಸಿಸಿ 15 ಇನ್ನೊಂದು ಹೆಜ್ಜೆ ಮುಂದೆ ಹೋಗಿ ಸಿ ಭಾಷೆಯ ಹೊಸ ಮಾನಕವಾದ ಸಿ23 ಅನ್ನು ಪೂರ್ವನಿಯೋಜಿತ ಮಾಡಿತು. ಬೂಲ್, ಟ್ರೂ, ಫಾಲ್ಸ್ ಈಗ ಭಾಷೆಯದೇ ಪದಗಳು, ತಾವೇ ಬೂಲ್ ಅನ್ನು ಟೈಪ್‌ಡೆಫ್ ಮಾಡಿಕೊಂಡ ಹಳೆಯ ಕೋಡ್ ಮುರಿಯುತ್ತದೆ. ಖಾಲಿ ಆವರಣದ ಫಂಕ್ಷನ್ ಘೋಷಣೆಗೆ 'ಆರ್ಗ್ಯುಮೆಂಟ್ ಏನೂ ಇಲ್ಲ' ಎಂಬ ಅರ್ಥ ಬಂದಿರುವುದರಿಂದ 'ಟೂ ಮೆನಿ ಆರ್ಗ್ಯುಮೆಂಟ್ಸ್' ಎಂಬ ಎರರ್ ಸಾಲುಸಾಲಾಗಿ ಬರುತ್ತದೆ. -ಎಸ್‌ಟಿಡಿ=ಜಿಎನ್‌ಯು17 ಕೊಟ್ಟರೆ ಹಳೆಯ ನಡವಳಿಕೆ ಮರಳುತ್ತದೆ. ಇದರಲ್ಲಿ ಅಪಾಯವಿಲ್ಲ, ಕೋಡ್ ಯಾವ ಕಾಲದ್ದೋ ಆ ಕಾಲದ ಮಾನಕದಲ್ಲಿ ಕಂಪೈಲ್ ಮಾಡಿದಂತೆ.

ಹೊಸ ಕಂಪೈಲರ್ ಹೊಸ ವಾರ್ನಿಂಗ್ ಕೊಟ್ಟು, ವಾರ್ನಿಂಗನ್ನೂ ಎರರ್ ಮಾಡುವ -ಡಬ್ಲ್ಯುಎರರ್ ಇರುವ ಕಾರಣಕ್ಕೆ ಬಿಲ್ಡ್ ನಿಂತರೆ ಆ ಆಯ್ಕೆಯೊಂದನ್ನೇ ತೆಗೆಯಿರಿ. ಎಲ್ಲ ವಾರ್ನಿಂಗ್ ಮುಚ್ಚುವ -ಡಬ್ಲ್ಯು ಹಾಕಬೇಡಿ.

## ಎಲ್ಲ ಕಂಪೈಲ್ ಆಯಿತು, ಲಿಂಕ್ ಆಗುತ್ತಿಲ್ಲ

ಜನ ಹೆಚ್ಚು ಹೊತ್ತು ಕಳೆಯುವುದು ಇಲ್ಲಿ. ಕಂಪೈಲರ್ ನೋಡುವುದು 'ಈ ಹೆಸರಿನದೊಂದು ಇದೆ' ಎಂಬ ಘೋಷಣೆಯನ್ನು, ಲಿಂಕರ್ ಕೇಳುವುದು 'ಅದು ಎಲ್ಲಿದೆ' ಎಂದು. ಆದ್ದರಿಂದ ಲಿಂಕರ್ ಎರರ್‌ಗೆ ಹೆಡರ್ ಸೇರಿಸುವುದು ಸಾಮಾನ್ಯವಾಗಿ ಪರಿಹಾರವಾಗುವುದಿಲ್ಲ.

'ಕ್ಯಾನಾಟ್ ಫೈಂಡ್ -ಎಲ್‌ಜೆಡ್' ಎಂದರೆ ಜೆಡ್‌ಲಿಬ್‌ನ ಲೈಬ್ರರಿ ಫೈಲೇ ಸಿಗಲಿಲ್ಲ. ಮತ್ತೆ ಆ -ಡೆವ್ ಪ್ಯಾಕೇಜ್ ಕಡೆ ನೋಡಿ. ಆವೃತ್ತಿ ಸಂಖ್ಯೆ ಇಲ್ಲದ ಲಿಬ್‌ಜೆಡ್.ಎಸ್‌ಒ ಎಂಬ ಸಿಂಬಾಲಿಕ್ ಲಿಂಕ್ ಬರುವುದು ಅದರಲ್ಲೇ. ಜೊತೆಗೆ 'ಸ್ಕಿಪ್ಪಿಂಗ್ ಇನ್‌ಕಂಪ್ಯಾಟಿಬಲ್' ಎಂಬ ಸಾಲಿದ್ದರೆ ಫೈಲ್ ಸಿಕ್ಕಿದೆ, ಆದರೆ ಬೇರೆ ಆರ್ಕಿಟೆಕ್ಚರ್‌ನದ್ದು. ಫೈಲ್ ಕಮಾಂಡಿಗೆ ಅದನ್ನು ಕೊಟ್ಟರೆ ಯಾವುದರದ್ದೆಂದು ತಿಳಿಯುತ್ತದೆ.

'ಅನ್‌ಡಿಫೈನ್ಡ್ ರೆಫರೆನ್ಸ್' ಬೇರೆ ಮಾತು. ಇದರಲ್ಲಿ ಒಂದು ಪ್ರಯೋಗ ಮಾಡಿ ನೋಡುವಂತಿದೆ. ಲಿನಕ್ಸ್‌ನಲ್ಲಿ ನಾಲ್ಕು ಸಾಲಿನ ಸಿ ಪ್ರೋಗ್ರಾಂ ಬರೆದು 2.0 ಎಂಬ ಸಂಖ್ಯೆಯ ವರ್ಗಮೂಲವನ್ನು ಎಸ್‌ಕ್ಯೂಆರ್‌ಟಿ ಫಂಕ್ಷನ್‌ನಿಂದ ಮುದ್ರಿಸಿ. ಗಣಿತ ಲೈಬ್ರರಿ ಸೇರಿಸದೆಯೇ ಜಿಸಿಸಿ ಅದನ್ನು ಲಿಂಕ್ ಮಾಡಿಕೊಡುತ್ತದೆ. ಈಗ 2.0 ಬದಲು ಬಳಕೆದಾರ ಕೊಟ್ಟ ಸಂಖ್ಯೆಯನ್ನು ಹಾಕಿ. 'ಅನ್‌ಡಿಫೈನ್ಡ್ ರೆಫರೆನ್ಸ್ ಟು ಎಸ್‌ಕ್ಯೂಆರ್‌ಟಿ' ಬರುತ್ತದೆ. ಮೊದಲ ಸಲ ಉತ್ತರ ಸ್ಥಿರ ಸಂಖ್ಯೆಯಾದ್ದರಿಂದ ಕಂಪೈಲರ್ ತಾನೇ ಲೆಕ್ಕ ಹಾಕಿ ಬರೆದುಬಿಟ್ಟಿತ್ತು, ಲೈಬ್ರರಿಯ ಅಗತ್ಯವೇ ಬಿದ್ದಿರಲಿಲ್ಲ. 'ನನ್ನ ಸಣ್ಣ ಪರೀಕ್ಷೆಯಲ್ಲಿ ಲಿಂಕ್ ಆಗುತ್ತದೆ, ಪ್ರಾಜೆಕ್ಟ್‌ನಲ್ಲಿ ಆಗುವುದಿಲ್ಲ' ಎಂಬ ದೂರುಗಳ ಹಿಂದೆ ಇಂಥದ್ದೇ ಏನೋ ಇರುತ್ತದೆ.

ಈಗ ಗಣಿತ ಲೈಬ್ರರಿ ತರುವ -ಎಲ್‌ಎಂ ಆಯ್ಕೆ ಸೇರಿಸಿ, ಆದರೆ ಬೇಕೆಂದೇ ನಿಮ್ಮ ಪ್ರೋಗ್ರಾಂ ಫೈಲಾದ ಮೇನ್.ಸಿ ಎಂಬುದಕ್ಕಿಂತ ಮುಂಚೆ. ಉಬುಂಟುವಿನಲ್ಲಿ ಎರರ್ ಹೋಗುವುದಿಲ್ಲ. ಅದೇ ಆಯ್ಕೆಯನ್ನು ಮೇನ್.ಸಿ ಆದ ಮೇಲೆ ಬರೆಯಿರಿ, ಸರಿಹೋಗುತ್ತದೆ. ಲಿಂಕರ್ ಎಡದಿಂದ ಬಲಕ್ಕೆ ಒಮ್ಮೆ ಮಾತ್ರ ನಡೆಯುತ್ತದೆ. ಸ್ಟ್ಯಾಟಿಕ್ ಲೈಬ್ರರಿ (ಪ್ರೋಗ್ರಾಂ ಒಳಗೇ ಸೇರಿಹೋಗುವಂಥದ್ದು) ಎದುರಾದಾಗ ಅಲ್ಲಿಯವರೆಗೆ ಬಾಕಿ ಇರುವ ಹೆಸರುಗಳಿಗೆ ಬೇಕಾದಷ್ಟನ್ನು ತೆಗೆದುಕೊಂಡು ಮುಂದೆ ಹೋಗುತ್ತದೆ, ಹಿಂದೆ ತಿರುಗುವುದಿಲ್ಲ. ಬೇಕಿಲ್ಲದ ಶೇರ್ಡ್ ಲೈಬ್ರರಿ (ಓಡುವಾಗ ಹೊರಗಿನಿಂದ ಬರುವಂಥದ್ದು) ಬಿಟ್ಟುಬಿಡುವ ಆಯ್ಕೆ ಉಬುಂಟುವಿನಲ್ಲಿ ಮೊದಲೇ ಚಾಲೂ ಇರುವುದರಿಂದ ಅಲ್ಲಿ ಅವಕ್ಕೂ ಇದೇ ನಿಯಮ. ಆದ್ದರಿಂದ ಆಬ್ಜೆಕ್ಟ್‌ಗಳು ಮೊದಲು, ಲೈಬ್ರರಿಗಳು ಆಮೇಲೆ. ಲೈಬ್ರರಿಗಳಲ್ಲೂ ಬಳಸುವುದು ಮೊದಲು, ಬಳಸಲ್ಪಡುವುದು ಆಮೇಲೆ. ಬೇರೆ ವಿತರಣೆಯಲ್ಲಿ ಆಗುವ ಮೇಕ್‌ಫೈಲ್ ಉಬುಂಟುವಿನಲ್ಲಿ ಸೋತರೆ ಮೊದಲು ನೋಡಬೇಕಾದದ್ದು ಈ ಕ್ರಮವನ್ನೇ.

ಕ್ರಮ ಸರಿಯಿದ್ದೂ ಹೆಸರು ಸಿಗದಿದ್ದರೆ ಎನ್‌ಎಂ ಕಮಾಂಡ್‌ನಿಂದ ಲೈಬ್ರರಿಯೊಳಗೆ ಇಣುಕಿ. ಹೆಸರಿನ ಪಕ್ಕ ದೊಡ್ಡ 'ಟಿ' ಇದ್ದರೆ ಅದು ಅಲ್ಲಿದೆ, 'ಯು' ಇದ್ದರೆ ಅದಕ್ಕೂ ಬೇರೆ ಕಡೆಯಿಂದ ಬೇಕಾಗಿದೆ. ಸಿ++ ಲೈಬ್ರರಿಯ ಹೆಸರುಗಳು ಗೊಂದಲದ ಅಕ್ಷರಗಳಾಗಿ ಕಾಣುತ್ತವೆ, ಸಿ++ಫಿಲ್ಟ್ ಅವನ್ನು ಓದುವಂತೆ ಮಾಡುತ್ತದೆ. ಸಿ ಲೈಬ್ರರಿಯನ್ನು ಸಿ++ನಿಂದ ಕರೆಯುವಾಗ ಹೆಡರ್‌ನಲ್ಲಿ ಎಕ್ಸ್‌ಟರ್ನ್ "ಸಿ" ಇಲ್ಲದಿದ್ದರೆ ಹೆಸರುಗಳು ಹೊಂದುವುದಿಲ್ಲ. ಲಿಂಕರ್‌ಗೆ ಸಿಗದ ಹೆಸರುಗಳಲ್ಲಿ ಎಸ್‌ಟಿಡಿ::__ಸಿಎಕ್ಸ್‌ಎಕ್ಸ್11 ಎಂಬುದು ಕಂಡರೆ ಲೈಬ್ರರಿ ಮತ್ತು ನಿಮ್ಮ ಕೋಡ್ ಬೇರೆ ಬೇರೆ ಎಬಿಐನಲ್ಲಿ (ಕಂಪೈಲ್ ಆದ ಕೋಡ್‌ಗಳು ಪರಸ್ಪರ ಹೊಂದುವ ನಿಯಮದಲ್ಲಿ) ಕಂಪೈಲ್ ಆಗಿವೆ. 2015ರ ಜಿಸಿಸಿ 5 ಸ್ಟ್ರಿಂಗ್ ಮತ್ತು ಲಿಸ್ಟ್‌ಗಳ ಒಳರಚನೆ ಬದಲಿಸಿದಾಗಿನಿಂದ ಹೀಗೆ. ಎರಡನ್ನೂ ಒಂದೇ ಕಂಪೈಲರ್‌ನಲ್ಲಿ ಮತ್ತೆ ಬಿಲ್ಡ್ ಮಾಡಿ.

ಹಳೆಯ ಸಿ ಕೋಡ್‌ನಲ್ಲಿ 'ಮಲ್ಟಿಪಲ್ ಡೆಫಿನಿಶನ್' ಬಂದರೆ ಹೆಡರ್‌ನಲ್ಲಿ ಎಕ್ಸ್‌ಟರ್ನ್ ಇಲ್ಲದೆ ಬರೆದ ಗ್ಲೋಬಲ್ ವೇರಿಯಬಲ್ ಹುಡುಕಿ. 2020ರ ಜಿಸಿಸಿ 10ರಿಂದ ಇದು ಎರರ್ ಆಗಿದೆ, -ಎಫ್‌ಕಾಮನ್ ಕೊಟ್ಟರೆ ಹಳೆಯಂತೆ ನಡೆಯುತ್ತದೆ. 'ರೀಕಂಪೈಲ್ ವಿತ್ -ಎಫ್‌ಪಿಐಸಿ' (ಮೆಮೊರಿಯಲ್ಲಿ ಎಲ್ಲಿ ಕೂತರೂ ಓಡುವ ಕೋಡ್ ಮಾಡುವ ಆಯ್ಕೆ) ಎಂದರೆ ಅಕ್ಷರಶಃ ಅದನ್ನೇ ಮಾಡಬೇಕು, ಆದರೆ ಮೊದಲು ಮೇಕ್ ಕ್ಲೀನ್. ಹಳೆಯ ಆಬ್ಜೆಕ್ಟ್ ಫೈಲ್‌ಗಳು ಹಾಗೇ ಉಳಿದರೆ ಆಯ್ಕೆ ಬದಲಿಸಿ ಪ್ರಯೋಜನವಿಲ್ಲ.

## ಮೇಕ್‌ಫೈಲೇ ತಕರಾರು ಮಾಡಿದರೆ

'ಮಿಸ್ಸಿಂಗ್ ಸೆಪರೇಟರ್' ಎಂದರೆ ಟ್ಯಾಬ್ ಇರಬೇಕಾದ ಕಡೆ ಸ್ಪೇಸ್ ಇದೆ. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಮೇಕ್ ಬರೆದ ಕಾಲದಿಂದ ಬಂದ ನಿಯಮ ಇದು. ಎಡಿಟರ್ ಅಥವಾ ನಕಲಿಸಿ ಅಂಟಿಸಿದ ಕೋಡ್ ಟ್ಯಾಬನ್ನು ನುಂಗಿರುತ್ತದೆ.

ಬಿಎಸ್‌ಡಿ ವ್ಯವಸ್ಥೆಗಳಲ್ಲಿ ಅರ್ಥವಾಗದ ಸಿಂಟ್ಯಾಕ್ಸ್ ಎರರ್ ಬಂದರೆ ಜಿಮೇಕ್, ಅಂದರೆ ಗ್ನೂ ಮೇಕ್, ಓಡಿಸಿ ನೋಡಿ. ಅಲ್ಲಿನ ಮೇಕ್ ಗ್ನೂ ಮೇಕ್ ಅಲ್ಲ. ಸ್ಕ್ರಿಪ್ಟ್ ಒಂದು ಡೆಬಿಯನ್ ಅಥವಾ ಉಬುಂಟುವಿನಲ್ಲಿ ಮಾತ್ರ ಸೋತರೆ, ಅಲ್ಲಿ /ಬಿನ್/ಎಸ್‌ಎಚ್ ಎಂಬುದು ಬ್ಯಾಶ್ ಅಲ್ಲ, ಡ್ಯಾಶ್ ಎಂಬ ಬೇರೆ ಶೆಲ್ ಎಂಬುದು ನೆನಪಿರಲಿ. 'ಕ್ಲಾಕ್ ಸ್ಕ್ಯೂ ಡಿಟೆಕ್ಟೆಡ್' ಎಂಬ ವಾರ್ನಿಂಗನ್ನು ಕಡೆಗಣಿಸಬೇಡಿ. ಫೈಲಿನ ಸಮಯ ನೋಡಿಯೇ ಮೇಕ್ ಕೆಲಸ ನಿರ್ಧರಿಸುವುದರಿಂದ ಗಡಿಯಾರ ತಪ್ಪಿದರೆ ತಿದ್ದಿದ ಫೈಲ್ ಕಂಪೈಲ್ ಆಗದೆ ಉಳಿಯಬಹುದು. ನೆಟ್‌ವರ್ಕ್ ಡಿಸ್ಕ್, ವರ್ಚುವಲ್ ಮಷೀನ್‌ಗಳಲ್ಲಿ ಇದು ಸಾಮಾನ್ಯ. ಗಡಿಯಾರ ಸರಿಮಾಡಿ, ಕ್ಲೀನ್ ಮಾಡಿ, ಮತ್ತೆ ಬಿಲ್ಡ್ ಮಾಡಿ.

-ಜೆ1ರಲ್ಲಿ ಆಗುತ್ತದೆ, -ಜೆ8ರಲ್ಲಿ ಒಮ್ಮೊಮ್ಮೆ ಮಾತ್ರ ಸೋಲುತ್ತದೆ ಎಂದಾದರೆ ಮೇಕ್‌ಫೈಲ್‌ನಲ್ಲಿ ಯಾವುದೋ ಅವಲಂಬನೆ ಬರೆದಿಲ್ಲ. ನಿಮ್ಮ ಕೆಲಸ -ಜೆ1ರಲ್ಲಿ ಮುಗಿಯುತ್ತದೆ, ಪ್ರಾಜೆಕ್ಟ್‌ನವರಿಗೂ ಒಂದು ಮಾತು ತಿಳಿಸಿ.

## 'ಕಿಲ್ಡ್' ಅಥವಾ 'ಇಂಟರ್ನಲ್ ಕಂಪೈಲರ್ ಎರರ್'

ಸಿಸಿ1ಪ್ಲಸ್ 'ಕಿಲ್ಡ್' ಎಂದು ಬಂದರೆ ಕೋಡ್ ನೋಡುವುದನ್ನು ಬಿಟ್ಟು ಕರ್ನಲ್ ಸಂದೇಶಗಳನ್ನು ತೋರಿಸುವ ಡಿಮೆಸೇಜ್ ಓದಿ. ಮೆಮೊರಿ ಮುಗಿದು ಕರ್ನಲ್ ಕಂಪೈಲರನ್ನು ಕೊಂದಿದ್ದರೆ 'ಔಟ್ ಆಫ್ ಮೆಮೊರಿ' ಎಂಬ ಸಾಲು ಅಲ್ಲಿರುತ್ತದೆ. ಟೆಂಪ್ಲೇಟ್ ತುಂಬಿದ ಸಿ++ ಫೈಲೊಂದೇ ಒಂದು ಗಿಗಾಬೈಟ್‌ಗಿಂತ ಹೆಚ್ಚು ಮೆಮೊರಿ ನುಂಗಬಲ್ಲದು, ಎಂಟು ಒಟ್ಟಿಗೆ ಓಡಿದರೆ ಲೆಕ್ಕ ನೀವೇ ಹಾಕಿ. -ಜೆ ಸಂಖ್ಯೆ ಇಳಿಸಿ, ಸಾಲದಿದ್ದರೆ ಸ್ವಾಪ್ (ಮೆಮೊರಿಯಂತೆ ಬಳಸುವ ಡಿಸ್ಕ್ ಜಾಗ) ಸೇರಿಸಿ. ಸಂಖ್ಯೆಯೇ ಇಲ್ಲದೆ ಬರೀ -ಜೆ ಕೊಡಬೇಡಿ, ಅದಕ್ಕೆ ಮಿತಿಯೇ ಇಲ್ಲ, ಯಂತ್ರ ಉಸಿರುಕಟ್ಟಿ ನಿಲ್ಲುತ್ತದೆ.

ಸೆಗ್ಮೆಂಟೇಶನ್ ಫಾಲ್ಟ್‌ನೊಂದಿಗೆ ಕಂಪೈಲರ್ರೇ ಬಿದ್ದರೆ ಅದೇ ಕಮಾಂಡನ್ನು ಮತ್ತೆ ಎರಡು ಮೂರು ಸಲ ಓಡಿಸಿ. ಪ್ರತಿ ಸಲವೂ ಅದೇ ಫೈಲ್, ಅದೇ ಸಾಲು ಎಂದರೆ ಕಂಪೈಲರ್‌ನ ದೋಷ. ಆ ಒಂದು ಫೈಲಿಗೆ ಆಪ್ಟಿಮೈಸೇಶನ್ ಮಟ್ಟ ಇಳಿಸಿ ದಾಟಬಹುದು. ಒಮ್ಮೆ ಇಲ್ಲಿ, ಇನ್ನೊಮ್ಮೆ ಅಲ್ಲಿ ಬೀಳುತ್ತಿದ್ದರೆ ಯಂತ್ರವನ್ನೇ ಶಂಕಿಸಿ. 'ದೋಷ ಮರುಕಳಿಸುತ್ತಿಲ್ಲ, ಹಾರ್ಡ್‌ವೇರ್ ಅಥವಾ ಒಎಸ್ ಸಮಸ್ಯೆ ಇರಬಹುದು' ಎಂಬರ್ಥದ ಮಾತನ್ನು ಜಿಸಿಸಿ ತಾನೇ ಹೇಳುವುದುಂಟು. ಇಲ್ಲಿ ಬಿಲ್ಡ್ ನಿಲ್ಲಿಸಿ. ಕೆಟ್ಟ ರ‍್ಯಾಮ್ ಇರುವ ಯಂತ್ರದಲ್ಲಿ ಬಿಲ್ಡ್ ಮುಗಿದರೂ ಆ ಬೈನರಿಯನ್ನು ನಂಬುವಂತಿಲ್ಲ, ಡಿಸ್ಕ್‌ಗೆ ಬರೆಯುವ ನಿಮ್ಮ ಇತರ ಫೈಲ್‌ಗಳೂ ಅಪಾಯದಲ್ಲಿವೆ. ಮುಖ್ಯವಾದದ್ದರ ಬ್ಯಾಕಪ್ ನೋಡಿಕೊಂಡು, ಓವರ್‌ಕ್ಲಾಕ್ ಮಾಡಿದ್ದರೆ ತೆಗೆದು, ಬಿಸಿ ಎಷ್ಟೇರುತ್ತಿದೆ ನೋಡಿ, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಅನ್ನು ರಾತ್ರಿಯಿಡೀ ಓಡಿಸಿ. ಒಂದೇ ಒಂದು ದೋಷ ತೋರಿಸಿದರೂ ರ‍್ಯಾಮ್ ಕಡ್ಡಿಗಳನ್ನು ಒಂದೊಂದಾಗಿ ತೆಗೆದು ಪರೀಕ್ಷಿಸಬೇಕು, ಇಲ್ಲವೇ ಬಲ್ಲವರಿಗೆ ತೋರಿಸಬೇಕು.

## ಬಿಲ್ಡ್ ಆಯಿತು, ಓಡುತ್ತಿಲ್ಲ

'ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್' ಬಂದರೆ ಪ್ರೋಗ್ರಾಂಗೆ ಬೇಕಾದ ಲೈಬ್ರರಿಗಳನ್ನು ತೋರಿಸುವ ಎಲ್‌ಡಿಡಿ ಓಡಿಸಿ ಯಾವುದರ ಮುಂದೆ 'ನಾಟ್ ಫೌಂಡ್' ಇದೆ ನೋಡಿ. ಲೈಬ್ರರಿಯನ್ನು ಆಗಷ್ಟೇ ಸಿಸ್ಟಮ್ ಜಾಗದಲ್ಲಿ ಹಾಕಿದ್ದರೆ ಎಲ್‌ಡಿಕಾನ್ಫಿಗ್ ಓಡಿಸಿದರೆ ಸಾಕು. ಲೈಬ್ರರಿ ಹುಡುಕುವ ಜಾಗ ಸೂಚಿಸುವ ಎಲ್‌ಡಿ_ಲೈಬ್ರರಿ_ಪಾತ್ ವೇರಿಯಬಲ್ ಪರೀಕ್ಷೆಗೆ ಚೆನ್ನ, ಪ್ರೊಫೈಲ್ ಫೈಲ್‌ನಲ್ಲಿ ಖಾಯಂ ಆಗಿ ಬರೆದರೆ ಬೇರೆ ಪ್ರೋಗ್ರಾಂಗಳು ಕೆಡುತ್ತವೆ. ಅಪರಿಚಿತ ಬೈನರಿಯ ಮೇಲೆ ಎಲ್‌ಡಿಡಿ ಬಳಸಬೇಡಿ, ಕೆಲವು ಸಂದರ್ಭಗಳಲ್ಲಿ ಅದು ಆ ಬೈನರಿಯನ್ನೇ ಓಡಿಸುತ್ತದೆ. ರೀಡ್‌ಎಲ್ಫ್ -ಡಿ ಸುರಕ್ಷಿತ.

ಫೈಲ್ ಕಣ್ಣೆದುರಿದ್ದರೂ 'ನೋ ಸಚ್ ಫೈಲ್' ಎಂದರೆ ಇಲ್ಲದಿರುವುದು ಅದು ಕೇಳುವ ಡೈನಾಮಿಕ್ ಲೋಡರ್ (ಓಡುವಾಗ ಶೇರ್ಡ್ ಲೈಬ್ರರಿಗಳನ್ನು ತಂದು ಸೇರಿಸುವ ಪ್ರೋಗ್ರಾಂ). ಗ್ಲಿಬ್‌ಸಿ ಎಂಬ ಮೂಲ ಸಿ ಲೈಬ್ರರಿಗೆಂದು ಬಿಲ್ಡ್ ಆದ ಬೈನರಿಯನ್ನು, ಅದರ ಬದಲು ಮಸಲ್ ಬಳಸುವ ಆಲ್ಪೈನ್‌ನಲ್ಲಿ ಓಡಿಸಿದರೆ ಹೀಗಾಗುತ್ತದೆ. 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಬಂದರೆ -ಎಂಆರ್ಚ್=ನೇಟಿವ್ ಕೊಟ್ಟು ಹೊಸ ಪ್ರೊಸೆಸರ್‌ನಲ್ಲಿ ಬಿಲ್ಡ್ ಮಾಡಿ ಹಳೆಯದರಲ್ಲಿ ಓಡಿಸಿದ್ದೀರೇ ನೋಡಿ. 'ಗ್ಲಿಬ್‌ಸಿ_2.34 ನಾಟ್ ಫೌಂಡ್' ಎಂದರೆ ಓಡಿಸುವ ಯಂತ್ರದ ಗ್ಲಿಬ್‌ಸಿ ಅದಕ್ಕಿಂತ ಹಳೆಯದು, 2.34 ಬಂದದ್ದು 2021ರಲ್ಲಿ. ಹಳೆಯ ವ್ಯವಸ್ಥೆಯ ಕಂಟೇನರ್‌ನಲ್ಲಿ (ಯಂತ್ರದೊಳಗೇ ಬೇರ್ಪಡಿಸಿದ ಪುಟ್ಟ ವ್ಯವಸ್ಥೆಯಲ್ಲಿ) ಬಿಲ್ಡ್ ಮಾಡುವುದೇ ಸರಿಯಾದ ದಾರಿ. ಸಿಸ್ಟಮ್ ಗ್ಲಿಬ್‌ಸಿಯನ್ನು ಕೈಯಾರೆ ಬದಲಿಸಲು ಮಾತ್ರ ಯಾವ ಕಾರಣಕ್ಕೂ ಹೋಗಬೇಡಿ. ಎಲ್‌ಎಸ್, ಸಿಪಿ, ಸುಡೊ ಎಲ್ಲವೂ ಅದನ್ನೇ ನೆಚ್ಚಿಕೊಂಡಿವೆ. ಎಡವಿದರೆ ಸರಿಮಾಡಲು ಬೇಕಾದ ಕಮಾಂಡ್‌ಗಳೂ ಓಡುವುದಿಲ್ಲ. ಒಂದು ಆವೃತ್ತಿಯ ಲೈಬ್ರರಿಗೆ ಇನ್ನೊಂದು ಆವೃತ್ತಿಯ ಹೆಸರಿನಲ್ಲಿ ಸಿಂಬಾಲಿಕ್ ಲಿಂಕ್ ಹಾಕಿ 'ನಾಟ್ ಫೌಂಡ್' ಹೋಗಲಾಡಿಸುವುದೂ ಇದೇ ಜಾತಿಯ ಅಪಾಯ.

## ಕೈಬಿಟ್ಟು ಕೇಳಬೇಕಾದ ಹೊತ್ತು

ಪರಿಹಾರವೆಂದು ಹುಡುಕಿದ್ದು ಸಿಸ್ಟಮ್ ಲೈಬ್ರರಿ ಅಳಿಸಿ ಎಂದರೆ, ಅಪರಿಚಿತ ಸ್ಕ್ರಿಪ್ಟನ್ನು ರೂಟ್ ಆಗಿ ಓಡಿಸಿ ಎಂದರೆ, ಚೆಕ್‌ಸಮ್ ಅಥವಾ ಸಹಿ ತಾಳೆಯಾಗದಿದ್ದರೂ ಮುಂದುವರಿಯಿರಿ ಎಂದರೆ ಅಲ್ಲೇ ನಿಲ್ಲಿಸಿ. ಕೊನೆಯದು ಬರೀ ಶಿಸ್ತಿನ ಮಾತಲ್ಲ, ಬಿಲ್ಡ್ ಸಾಮಗ್ರಿಯಲ್ಲೇ ಕೇಡು ಅಡಗಿರಬಲ್ಲದು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಡೆವಲಪರ್ ಬಯಲಿಗೆ ತಂದ, ಎಕ್ಸ್‌ಜೆಡ್ ಎಂಬ ಸಂಕುಚನ ಸಾಧನದ ಪ್ರಕರಣದಲ್ಲಿ 5.6.0 ಮತ್ತು 5.6.1 ಬಿಡುಗಡೆಗಳ ಹಿಂಬಾಗಿಲನ್ನು ಚಾಲೂ ಮಾಡುತ್ತಿದ್ದುದು ಬಿಲ್ಡ್ ಹಂತದ ಎಂ4 ಸ್ಕ್ರಿಪ್ಟ್ (ಕಾನ್ಫಿಗರ್ ಹುಟ್ಟಿಸಲು ಬಳಸುವಂಥದ್ದು). ಬಿಡುಗಡೆಯ ಟಾರ್ ಫೈಲಿನಲ್ಲಿದ್ದ ಆ ಭಾಗ ಗಿಟ್ ರೆಪಾಸಿಟರಿಯಲ್ಲಿ ಇರಲಿಲ್ಲ. ಅಲ್ಲಿ ಸಹಿಯಿಂದಲೂ ರಕ್ಷಣೆ ಸಿಗುತ್ತಿರಲಿಲ್ಲ, ಬಿಡುಗಡೆ ಮಾಡಿದವನದೇ ಕೈವಾಡ. ಆದ್ದರಿಂದ ವಿತರಣೆಯ ಪ್ಯಾಕೇಜ್ ಸಿಗುವಾಗ ಅದನ್ನೇ ಬಳಸಿ, ಬಿಲ್ಡ್ ಮಾಡಲೇಬೇಕಾದಾಗ ಕಂಟೇನರ್‌ನಲ್ಲಿ ಅಥವಾ ಸಾಮಾನ್ಯ ಬಳಕೆದಾರರಾಗಿ ಮಾಡಿ.

ಕೇಳುವಾಗ ಜೊತೆಗೆ ಕೊಡಬೇಕಾದದ್ದು: ವ್ಯವಸ್ಥೆ ಮತ್ತು ಅದರ ಆವೃತ್ತಿ, ಕಂಪೈಲರ್ ಆವೃತ್ತಿ, ನೀವು ಓಡಿಸಿದ ಕಮಾಂಡ್ ಇದ್ದಂತೆಯೇ, ಮೊದಲ ಎರರ್ ಮತ್ತು ಅದರ ಆಚೀಚೆ ಇಪ್ಪತ್ತು ಸಾಲು. ಕಾನ್ಫಿಗರ್ ಸೋತಿದ್ದರೆ ಕಾನ್ಫಿಗ್.ಲಾಗ್. ಪರದೆಯ ಫೋಟೊ ಬೇಡ, ಪಠ್ಯವಾಗಿಯೇ ಕೊಡಿ, ಉತ್ತರಿಸುವವರಿಗೆ ಅದರಲ್ಲಿ ಹುಡುಕಲು ಬರಬೇಕು. ಹಿಂದಿನ ಕಮಿಟ್‌ನಲ್ಲಿ ಬಿಲ್ಡ್ ಆಗುತ್ತಿದ್ದರೆ ಗಿಟ್ ಬೈಸೆಕ್ಟ್‌ನಿಂದ ಕೆಡಿಸಿದ ಕಮಿಟ್ ಹುಡುಕಿ ಅದನ್ನೂ ಸೇರಿಸಿ.

ಕಂಪೈಲರ್‌ನದೇ ದೋಷವೆಂದು ಖಚಿತವಾದರೆ -ಎಫ್‌ರಿಪೋರ್ಟ್-ಬಗ್ ಆಯ್ಕೆಯೊಂದಿಗೆ ಒಮ್ಮೆ ಓಡಿಸಿ. ವರದಿಗೆ ಬೇಕಾದ ಮಾಹಿತಿ ಮತ್ತು ಪ್ರಿಪ್ರೊಸೆಸ್ ಆದ ಸೋರ್ಸನ್ನು ಜಿಸಿಸಿ ಒಂದೇ ಫೈಲಿಗೆ ಹಾಕಿಕೊಡುತ್ತದೆ. ಕಳಿಸುವ ಮುನ್ನ ಆ ಫೈಲನ್ನು ತೆರೆದು ನೋಡಿ, ಆ ಸೋರ್ಸ್ ಫೈಲಿನ ಕೋಡ್, ಅದು ಸೇರಿಸಿಕೊಂಡ ಹೆಡರ್‌ಗಳು, ನಿಮ್ಮ ಯಂತ್ರದ ಡೈರೆಕ್ಟರಿ ಹೆಸರುಗಳು ಪೂರ್ತಿಯಾಗಿ ಅದರಲ್ಲಿರುತ್ತವೆ. ಹೊರಗೆ ಹೋಗಬಾರದ ಕೋಡ್ ಆದರೆ, ದೋಷ ಉಳಿಯುವಷ್ಟು ಸಾಲುಗಳಿಗೆ ಅದನ್ನು ಕತ್ತರಿಸಿ, ಹೆಸರುಗಳನ್ನು ಬದಲಿಸಿ, ಇನ್ನೂ ಅದೇ ಎರರ್ ಬರುತ್ತದೆಯೇ ಎಂದು ಓಡಿಸಿ ನೋಡಿ ಕಳಿಸಿ.